ಚಾಯ್ಸಿಗೆ ಬಿಡುವ ಲೆಕ್ಕ

ಪ್ರಶ್ನೆ: ಮೇಡಂ, ನಾನು ಹೊಸನಗರ ಕಡೆಯವಳು. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯು ಸೈನ್ಸ್ ಓದುತ್ತಿದ್ದೇನೆ. ಬೇರೆ ಸಬ್ಜೆಕ್ಟ್ ಪರವಾಗಿಲ್ಲ, ಫಿಸಿಕ್ಸ್ ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತೆ. ಹಾಸ್ಟೆಲಿನ ವಾಟ್ಸಾಪ್ ಗ್ರೂಪಿಗೆ ‘ಫಿಕ್ಸ್ ಕ್ವೆಶ್ಚನ್ಸ್’ ಅಂತ ಒಂದು ಪಟ್ಟಿ ಬಂದಿದೆ. ಅದರಲ್ಲಿ ಐದು ಅಂಕದ ಡಿರೈವೇಷನ್ (ಸೂತ್ರವನ್ನು ಹಂತಹಂತವಾಗಿ ಸಾಧಿಸಿ ತೋರಿಸುವವು) 14 ಇವೆ. ಹೋದ ವರ್ಷ ಇದರಿಂದಲೇ ಮೂರು ಬಂದಿದ್ದವಂತೆ. ಇಷ್ಟನ್ನೇ ಗಟ್ಟಿ ಮಾಡಿಕೊಂಡು ನಾಲ್ಕು ಪಾಠ ಪೂರ್ತಿ ಚಾಯ್ಸಿಗೆ ಬಿಡಬಹುದಾ? ಹೋದ ಸಲ ಬಂದದ್ದು ಈ ಸಲ ಬರಲ್ಲ ಅನ್ನೋದು ನಿಜವಾ? ಪಟ್ಟಿಯನ್ನೂ ಕಳಿಸಿದ್ದೇನೆ.

ಉತ್ತರ: ಪಟ್ಟಿ ನೋಡಿದೆ ಮಾರಾಯ್ತಿ. ನಗು ಬಂತು, ಯಾಕೆಂದರೆ ಇಂಥದೇ ಪಟ್ಟಿಯನ್ನು ಒಂದು ಕಾಲದಲ್ಲಿ ನಾನೇ ಬರೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸತು, ಘಟ್ಟದ ಅಂಚಿನ ಒಂದು ಕಾಲೇಜು. ಪರೀಕ್ಷೆಗೆ ವಾರ ಇದೆ ಅನ್ನುವಾಗ ಬೋರ್ಡಿನ ಮೇಲೆ ಆರು ಡಿರೈವೇಷನ್ ಬರೆದು ‘ಇವನ್ನು ಬಿಡಬೇಡಿ’ ಅಂದೆ. ಆ ವರ್ಷ ನಾಲ್ಕು ಬಂದವು. ಮೇಡಂಗೆ ಒಳಗಿನಿಂದ ಗೊತ್ತಾಗುತ್ತೆ ಅಂತ ಊರಲ್ಲೆಲ್ಲ ಸುದ್ದಿ. ಒಬ್ಬರ ಮನೆಯಿಂದ ಹಲಸಿನ ಹಪ್ಪಳದ ಕಟ್ಟೂ ಬಂತು. ಮರುವರ್ಷವೂ ಆರು ಬರೆದೆ, ಬಂದದ್ದು ಒಂದು. ಅವನ್ನು ಮಾತ್ರ ಓದಿಕೊಂಡು ಹೋಗಿದ್ದ ಹುಡುಗನೊಬ್ಬ ಫಲಿತಾಂಶದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಏನೂ ಹೇಳದೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷವೂ ನನ್ನ ಬುದ್ಧಿ ಒಂದೇ ಆಗಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಮೊದಲ ವರ್ಷ ಸರಿಹೋಗಿತ್ತು, ಅಷ್ಟೆ.

ಹಾಗಂತ ಊಹೆ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಯಾವುದನ್ನು ಊಹಿಸಬಹುದು, ಯಾವುದನ್ನು ಆಗದು ಅಂತ ಬೇರ್ಪಡಿಸಿಕೊಳ್ಳಬೇಕು. ಜುಲೈ ತಿಂಗಳಲ್ಲಿ ಆಗುಂಬೆಗೆ ಹೋಗುವವರು ಕೊಡೆ ಹಿಡಿದೇ ಹೋಗುತ್ತಾರೆ. ಅದಕ್ಕೆ ಹವಾಮಾನ ಇಲಾಖೆಯನ್ನು ಯಾರೂ ಕೇಳುವುದಿಲ್ಲ. ಆದರೆ ಜುಲೈ 14ರ ಮಧ್ಯಾಹ್ನ ಮೂರು ಗಂಟೆಗೆ ಮಳೆ ಬಿಟ್ಟು ಹೊಳವಾಗಿರುತ್ತೋ ಇಲ್ಲವೋ ಅಂತ ಜೂನ್‌ನಲ್ಲಿ ಕೂತು ಹೇಳುವವನನ್ನು ನಂಬಿ ಅಡಿಕೆಗೆ ಔಷಧಿ ಹೊಡೆಯುವ ಆಳುಗಳನ್ನು ಯಾರೂ ಕರೆಸುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿಯೂ ಹೀಗೆ ಎರಡು ಥರದ ಸಂಗತಿಗಳಿವೆ. ಪತ್ರಿಕೆಯ ಆಕಾರ, ಯಾವ ಪಾಠಕ್ಕೆ ಎಷ್ಟು ತೂಕ, ಯಾವ ಪಾಠದಿಂದ ಪ್ರಾಬ್ಲಮ್, ಯಾವುದರಿಂದ ಡಿರೈವೇಷನ್ ಅನ್ನುವುದು ಮುಂಗಾರಿನಂತೆ, ಹೆಚ್ಚುಕಮ್ಮಿ ಗೊತ್ತಿರುವ ವಿಷಯ. ಇಂಥದೇ ಪ್ರಶ್ನೆ ಬರುತ್ತೆ ಅನ್ನುವುದು ಮೂರು ಗಂಟೆಯ ಹೊಳವು.

ಮೊದಲು ಗೊತ್ತಿರುವುದನ್ನು ನೋಡೋಣ. ಫಿಸಿಕ್ಸ್ ಥಿಯರಿ 70 ಅಂಕ. ಈಗಿನ ಮಾದರಿಯಲ್ಲಿ ಮೊದಲ ಭಾಗಕ್ಕೇ 20: ಬಹು ಆಯ್ಕೆಯವು 15, ಆವರಣದಲ್ಲಿ ಕೊಟ್ಟ ಪದಗಳಿಂದ ಬಿಟ್ಟ ಸ್ಥಳ ತುಂಬುವವು 5. ಆಮೇಲೆ ಎರಡು ಅಂಕದವು ಐದು ಬರೆಯಬೇಕು, ಮೂರು ಅಂಕದವು ಐದು, ಐದು ಅಂಕದ ವಿವರಣೆ-ಡಿರೈವೇಷನ್ ಮೂರು, ಐದು ಅಂಕದ ಪ್ರಾಬ್ಲಮ್ ಎರಡು. ಕೂಡಿಸಿ ನೋಡು, 70 ಆಗುತ್ತೆ. ಇದರಲ್ಲಿ ಆಯ್ಕೆ ಇರುವುದು ಎರಡು ಅಂಕದಿಂದ ಮೇಲಿನವಕ್ಕೆ ಮಾತ್ರ. ಮೊದಲ 20ಕ್ಕೆ ಚಾಯ್ಸೇ ಇಲ್ಲ.

ಈ ಒಂದು ಸಂಗತಿಯನ್ನು ನಿನ್ನ ಅಣ್ಣಂದಿರ ಕಾಲದ ಸಲಹೆಗಳು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ಮಾದರಿಯಲ್ಲಿ 105 ಅಂಕದ ಪ್ರಶ್ನೆ ಅಚ್ಚಾಗುತ್ತಿತ್ತು, 70ಕ್ಕೆ ಬರೆದರೆ ಸಾಕಿತ್ತು, ಚಾಯ್ಸ್ ಇಲ್ಲದ ಒಂದು ಅಂಕದವು ಹತ್ತೇ ಇದ್ದವು. ಅಂಥ ಪತ್ರಿಕೆಯಲ್ಲಿ ಎರಡು ಮೂರು ಪಾಠ ಬಿಟ್ಟವರೂ ದಡ ಸೇರುತ್ತಿದ್ದರು. ಈಗ ಆ ಹತ್ತು ಇಪ್ಪತ್ತಾಗಿದೆ. ಪಾಠ 14, ಅಂಕ 20 ಅಂದರೆ ಪಾಠಕ್ಕೆ ಸುಮಾರು ಒಂದೂವರೆ. ನೀನು ನಾಲ್ಕು ಪಾಠ ಪೂರ್ತಿ ಬಿಟ್ಟರೆ ಪತ್ರಿಕೆ ಬಿಡಿಸುವ ಮೊದಲೇ ಐದಾರು ಅಂಕ ಅದೃಷ್ಟದ ಕೈಯಲ್ಲಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಏನಾದರೊಂದು ಬರೆದೇ ಬರಬೇಕು. ಆದರೆ ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಹೊಡೆದರೆ ನಾಲ್ಕಕ್ಕೆ ಒಂದು ಸರಿಯಾದೀತು. ಎರಡೆರಡು ಉತ್ತರ ಬರೆದಿಟ್ಟು ಯಾವುದಾದರೊಂದಕ್ಕೆ ಕೊಡಲಿ ಅನ್ನುವ ಉಪಾಯ ನಡೆಯುವುದಿಲ್ಲ. ಮೊದಲು ಬರೆದದ್ದನ್ನು ಮಾತ್ರ ಪರಿಗಣಿಸುತ್ತೇವೆ ಅಂತ ಪತ್ರಿಕೆಯ ಸೂಚನೆಯಲ್ಲೇ ಇರುತ್ತೆ.

ಹಾಗಾಗಿ ಪಾಠ ಬಿಡಬೇಡ. ಬಿಡಲೇಬೇಕಿದ್ದರೆ ಪಾಠದ ಒಳಗಿನ ಉದ್ದುದ್ದ ಡಿರೈವೇಷನ್ ಬಿಡು, ಪಾಠದ ವ್ಯಾಖ್ಯೆ, ಯೂನಿಟ್, ಸೂತ್ರ, ಗ್ರಾಫ್ ಇಟ್ಟುಕೋ. ಎಲೆಕ್ಟ್ರೋಮ್ಯಾಗ್ನೆಟಿಕ್ ವೇವ್ಸ್ ಪಾಠವನ್ನು ಮಕ್ಕಳು ‘ಸಣ್ಣದು, ತೂಕ ಇಲ್ಲ’ ಅಂತ ಮೊದಲು ಬಿಸಾಡುತ್ತಾರೆ. ನಿಜ, ತೂಕ ಕಮ್ಮಿ. ಆದರೆ ಅದನ್ನು ಓದಲು ಒಂದು ಸಂಜೆ ಸಾಕು. ಹೊಸನಗರದಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಕೂತೇ ಗಾಮಾದಿಂದ ರೇಡಿಯೋವರೆಗಿನ ಅಲೆಗಳ ಕ್ರಮ, ಒಂದೊಂದರ ಎರಡು ಉಪಯೋಗ ಕಲಿತುಬಿಡಬಹುದು. ಅಂಕಕ್ಕೆ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿದರೆ ಪುಸ್ತಕದಲ್ಲಿ ಅಷ್ಟು ಅಗ್ಗದ ಪಾಠ ಇನ್ನೊಂದಿಲ್ಲ.

ಇನ್ನು ನಿನ್ನ 14ರ ಪಟ್ಟಿ. ‘ಹೋದ ವರ್ಷ ಮೂರು ಬಂದವು’ ಅನ್ನುವುದೇ ಅದರ ಹೆಗ್ಗಳಿಕೆ ತಾನೆ? ಫಸ್ಟ್ ಪಿಯು ಗಣಿತದಲ್ಲಿ ಕಾಂಬಿನೇಷನ್ಸ್ ಕಲಿತಿದ್ದೀಯ, ಅದನ್ನೇ ಇಲ್ಲಿ ಹಚ್ಚೋಣ. ಲೆಕ್ಕಕ್ಕೆ ಅಂತ ಹಿಡಿ: ಐದು ಅಂಕಕ್ಕೆ ಕೇಳಬಹುದಾದ ಡಿರೈವೇಷನ್ ಒಟ್ಟು 20 ಇವೆ, ಪತ್ರಿಕೆಯಲ್ಲಿ 5 ಅಚ್ಚಾಗುತ್ತವೆ, ನೀನು ಬರೆಯಬೇಕಾದ್ದು 3. ಒಂದು ಡಬ್ಬಿಯಲ್ಲಿ 20 ಚೀಟಿ ಹಾಕಿ ಐದನ್ನು ಎತ್ತಿದ ಹಾಗೆ. ಹೀಗೆ ಎತ್ತುವ ವಿಧಗಳು 15,504.

ಪಟ್ಟಿ ಮಾಡಿದವನಿಗೆ ಫಿಸಿಕ್ಸ್ ಗಂಧಗಾಳಿಯೇ ಇಲ್ಲ, ಕಣ್ಣು ಮುಚ್ಚಿ 14ಕ್ಕೆ ಟಿಕ್ ಹಾಕಿದ್ದಾನೆ ಅಂದುಕೋ. ಅವನ ಪಟ್ಟಿ ಕೈಕೊಡುವುದು ಐದರಲ್ಲಿ ಎರಡೋ ಅದಕ್ಕಿಂತ ಕಮ್ಮಿಯೋ ಸಿಕ್ಕಾಗ. ಒಂದೂ ಸಿಗದ ವಿಧಗಳು 6, ಒಂದು ಸಿಗುವವು 210, ಎರಡು ಸಿಗುವವು 1,820. ಒಟ್ಟು 2,036. ಇದನ್ನು 15,504ರಿಂದ ಭಾಗಿಸಿದರೆ ನೂರಕ್ಕೆ 13. ಅಂದರೆ ಏನೂ ತಿಳಿಯದವನ ಪಟ್ಟಿಯೂ ನೂರರಲ್ಲಿ 87 ಸಲ ‘ಮೂರಾದರೂ ಬಂತು ನೋಡಿ’ ಅಂತ ಎದೆ ತಟ್ಟಿಕೊಳ್ಳಬಹುದು! ಹೋದ ವರ್ಷ ಮೂರು ಬಂದದ್ದು ಅವನ ಜಾಣತನಕ್ಕೆ ಸಾಕ್ಷಿ ಆಗುವುದಿಲ್ಲ. 20ರಲ್ಲಿ 14 ಅಂದರೆ ಮುಕ್ಕಾಲು ಪುಸ್ತಕ. ಮುಕ್ಕಾಲು ತೋಟಕ್ಕೆ ಬಲೆ ಹರಡಿ ನಾಲ್ಕು ಅಡಿಕೆ ಹಿಡಿದೆ ಅಂದರೆ ಯಾರು ಮೆಚ್ಚುತ್ತಾರೆ?

ಇದೇ ಲೆಕ್ಕದಲ್ಲಿ ನಿನಗೆ ಬೇಕಾದ ಉತ್ತರವೂ ಇದೆ. ಬರೀ 10 ಓದಿದರೆ ಮೂರು ಸಿಗುವ ಸಂಭವ ಸರಿಯಾಗಿ ಅರ್ಧ, ನಾಣ್ಯ ಚಿಮ್ಮಿದಂತೆ. 14 ಓದಿದರೆ 87. 16 ಓದಿದರೆ 97ರ ಹತ್ತಿರ. 16ರಿಂದ 20ಕ್ಕೆ ಹೋಗಲು ಇನ್ನೂ ನಾಲ್ಕು ಡಿರೈವೇಷನ್ ಕಲಿಯಬೇಕು, ಸಿಗುವ ಲಾಭ ನೂರಕ್ಕೆ ಮೂರು. ಆದ್ದರಿಂದ ಕೊನೆಯ ಮೂರು ನಾಲ್ಕನ್ನು ಚಾಯ್ಸಿಗೆ ಬಿಡುವುದು ತಪ್ಪೇನಲ್ಲ, ಆ ಹೊತ್ತನ್ನು ಪ್ರಾಬ್ಲಮ್ಮಿಗೆ ಕೊಡಬಹುದು. ಅರ್ಧಕ್ಕರ್ಧ ಬಿಡುವುದು ಇಸ್ಪೀಟು. ನಿಜವಾದ ಪತ್ರಿಕೆ ಡಬ್ಬಿಯ ಚೀಟಿಯಂತೆ ಕುರುಡಲ್ಲ. ಪ್ರಶ್ನೆಗಳನ್ನು ಬೇರೆಬೇರೆ ಪಾಠಗಳಿಗೆ ಹಂಚಿರುತ್ತಾರೆ. ಅದಕ್ಕೇ ಬಿಡುವ ಮೂರು ನಾಲ್ಕು ಒಂದೇ ಕಡೆ ಗುಂಪಾಗಿರದೆ ಬೇರೆಬೇರೆ ಪಾಠಗಳಲ್ಲಿ ಚದುರಿರಲಿ.

ಬಿಡುವಾಗ ಇನ್ನೊಂದು ಎಚ್ಚರ. ಕೆಲವು ಡಿರೈವೇಷನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗೋಳೀಯ ಮೇಲ್ಮೈಯಲ್ಲಿ ವಕ್ರೀಭವನದ ಸೂತ್ರ ಬಿಟ್ಟವಳಿಗೆ ಲೆನ್ಸ್ ಮೇಕರ್ಸ್ ಸೂತ್ರ ಬರುವುದಿಲ್ಲ, ಯಾಕೆಂದರೆ ಮೊದಲನೆಯದನ್ನು ಎರಡು ಸಲ ಹಚ್ಚಿದರೇ ಎರಡನೆಯದು. ಬಿಟ್ಟದ್ದು ಒಂದು ಅಂದುಕೊಂಡಿರುತ್ತೀ, ಹೋದದ್ದು ಎರಡು.

‘ಹೋದ ಸಲ ಬಂದದ್ದು ಈ ಸಲ ಬರಲ್ಲ’ ಅಂತ ಕೇಳಿದ್ದೀಯ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡೇ ಅನ್ನುವ ಅಜ್ಜಿಯರ ತರ್ಕ ಇದು. ಪತ್ರಿಕೆ ತೆಗೆಯುವವರು ಮನುಷ್ಯರು, ಹೋದ ವರ್ಷದ ಪ್ರಶ್ನೆಯನ್ನು ಅಕ್ಷರಶಃ ಎತ್ತಿಡಲು ನಾಚುತ್ತಾರೆ, ಅದು ಸರಿ. ಆದರೆ ಪುಸ್ತಕದಲ್ಲಿ ಐದು ಅಂಕಕ್ಕೆ ಹಿಗ್ಗುವ ವಿಷಯಗಳೇ ಬೆರಳೆಣಿಕೆಯಷ್ಟು. ಕರೆಂಟ್ ಎಲೆಕ್ಟ್ರಿಸಿಟಿಯಂಥ ಭಾರದ ಪಾಠದಿಂದ ವೀಟ್‌ಸ್ಟೋನ್ ಬ್ರಿಡ್ಜನ್ನೋ ಸೆಲ್‌ಗಳ ಜೋಡಣೆಯನ್ನೋ ಎಷ್ಟು ವರ್ಷ ಮುಚ್ಚಿಡಲು ಸಾಧ್ಯ? ಅದೂ ಅಲ್ಲದೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಒಂದೇ ವರ್ಷ ಎರಡು ಮೂರು ಪತ್ರಿಕೆ ತೆಗೆಯಬೇಕಾದಾಗ ‘ಹೋದ ಸಲ’ ಅಂದರೆ ಯಾವ ಸಲ?

ಹತ್ತು ವರ್ಷದ ಹಳೇ ಪತ್ರಿಕೆ ಕೂಡಿಹಾಕಿ ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸುವವರೂ ಇದ್ದಾರೆ. ಶ್ರಮ ಒಳ್ಳೆಯದು, ಆದರೆ ಕಾಳಿನ ಜೊತೆ ಜೊಳ್ಳನ್ನೂ ಅಳೆಯುತ್ತಾರೆ. 2021ರಲ್ಲಿ ಕೋವಿಡ್‌ನಿಂದ ಪಿಯು ಮುಖ್ಯ ಪರೀಕ್ಷೆಯೇ ರದ್ದಾಯಿತು. ಆಮೇಲೆ ಎನ್‌ಸಿಇಆರ್‌ಟಿಯವರು ಪುಸ್ತಕಕ್ಕೆ ಕತ್ತರಿ ಹಾಕಿದರು. ಪೊಟೆನ್ಷಿಯೋಮೀಟರ್, ಮೀಟರ್ ಬ್ರಿಡ್ಜ್, ರೆಸಿಸ್ಟರಿನ ಬಣ್ಣದ ಪಟ್ಟೆ, ಸೈಕ್ಲೋಟ್ರಾನ್, ಭೂಮಿಯ ಕಾಂತತ್ವ, ರೇಡಿಯೋ ಆ್ಯಕ್ಟಿವಿಟಿಯ ಕ್ಷಯ ನಿಯಮ, ಟ್ರಾನ್ಸಿಸ್ಟರ್, ಲಾಜಿಕ್ ಗೇಟ್ ಎಲ್ಲ ಹೋದವು. ಕಮ್ಯುನಿಕೇಷನ್ ಸಿಸ್ಟಮ್ಸ್ ಅನ್ನುವ ಹದಿನೈದನೆಯ ಪಾಠವೇ ಹೋಯಿತು, ಹಾಗಾಗಿ ಈಗ 14. ಹಳೇ ಪತ್ರಿಕೆಗಳಲ್ಲಿ ಟ್ರಾನ್ಸಿಸ್ಟರ್ ಪ್ರಶ್ನೆ ಮತ್ತೆ ಮತ್ತೆ ಕಾಣುತ್ತೆ. ಎಣಿಸಿದವನು ‘ಇದು ಗ್ಯಾರಂಟಿ’ ಅಂತ ಮೇಲಕ್ಕೆ ಬರೆದಿಡುತ್ತಾನೆ.

ನೀನು ಕಳಿಸಿದ ಪಟ್ಟಿಯಲ್ಲಿ ಆರನೆಯದು ಏನು ನೋಡು. ಪೊಟೆನ್ಷಿಯೋಮೀಟರಿನಿಂದ ಎರಡು ಸೆಲ್‌ಗಳ ಇಎಂಎಫ್ ಹೋಲಿಕೆ. ಹದಿಮೂರನೆಯದು, ಟ್ರಾನ್ಸಿಸ್ಟರ್ ಆ್ಯಂಪ್ಲಿಫೈಯರ್. ‘ಈ ವರ್ಷದ ಫಿಕ್ಸ್ ಕ್ವೆಶ್ಚನ್ಸ್’ ಅನ್ನುವುದನ್ನು ಯಾರೋ ಹಳೇ ಮೊಬೈಲಿನಿಂದ ತೆಗೆದು ವರ್ಷ ಮಾತ್ರ ತಿದ್ದಿದ್ದಾರೆ. ನಿನ್ನ 14 ಅಲ್ಲಿಗೆ 12 ಆಯಿತು.

ಗುಂಪಿನಲ್ಲಿ ಯಾರಾದರೂ ದುಡ್ಡು ಕೇಳಿ ‘ಒಳಗಿನಿಂದ ಬಂದದ್ದು’ ಅಂದರೆ ಆ ಕಡೆ ತಲೆಯನ್ನೂ ಹಾಕಬೇಡ. 2016ರಲ್ಲಿ ದ್ವಿತೀಯ ಪಿಯು ಕೆಮಿಸ್ಟ್ರಿ ಪತ್ರಿಕೆ ಎರಡು ಸಲ ಸೋರಿಕೆಯಾಗಿ, ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಕದ್ದವರು ಯಾರೋ, ಬೇಸಿಗೆಯಲ್ಲಿ ಊರಿಗೆ ಹೋಗದೆ ಅದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಕದಿಯದ ಮಕ್ಕಳು.

ಹಾಗಾದರೆ ಏನನ್ನು ಊಹಿಸಬೇಕು? ಪ್ರಶ್ನೆ ಹೇಗೆ ತಿರುಗೀತು ಅನ್ನುವುದನ್ನು. ನನಗೆ ಇದು ಪತ್ರಿಕೆ ತಿದ್ದುವ ಕ್ಯಾಂಪಿನಲ್ಲಿ ಕೂತು ಕೂತು ಅರ್ಥವಾದದ್ದು. ಡೈಪೋಲಿನ, ಅಂದರೆ ಸಮನಾದ ಧನ-ಋಣ ಚಾರ್ಜುಗಳ ಜೋಡಿಯ, ಈಕ್ವಟೋರಿಯಲ್ ರೇಖೆಯ (ನಡುವೆ ಅಕ್ಷಕ್ಕೆ ಲಂಬವಾಗಿ ಹಾಯುವ ಗೆರೆ) ಮೇಲೆ ವಿದ್ಯುತ್ ಕ್ಷೇತ್ರ ಎಷ್ಟು ಅಂತ ಕೇಳಿದ್ದರು. ಉತ್ತರ ಪತ್ರಿಕೆಯಲ್ಲಿ ಡೈಪೋಲಿನ ಅಕ್ಷದ ಮೇಲಿನ ಡಿರೈವೇಷನ್. ಮುದ್ದಾದ ಅಕ್ಷರ, ಸ್ಕೇಲ್ ಹಿಡಿದು ಎಳೆದ ಚಿತ್ರ, ಕೊನೆಯಲ್ಲಿ ಡಬ್ಬ ಕಟ್ಟಿದ ಸೂತ್ರ, ಒಂದೂ ತಪ್ಪಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ. ಪಟ್ಟಿಯಲ್ಲಿ ‘ಡೈಪೋಲ್’ ಅಂತಿತ್ತು, ಹುಡುಗ ಡೈಪೋಲ್ ಉರು ಹೊಡೆದಿದ್ದ. ಅಕ್ಷದ ಮೇಲೆ ದೂರದ ಬಿಂದುವಿನಲ್ಲಿ ಕ್ಷೇತ್ರ, ಅಷ್ಟೇ ದೂರದ ಈಕ್ವಟೋರಿಯಲ್ ಬಿಂದುವಿಗಿಂತ ಎರಡರಷ್ಟು. ದಿಕ್ಕು ಒಂದರಲ್ಲಿ ಡೈಪೋಲ್ ಮೊಮೆಂಟಿನ ಕಡೆ, ಇನ್ನೊಂದರಲ್ಲಿ ಅದಕ್ಕೆ ತದ್ವಿರುದ್ಧ. ಇಷ್ಟು ಮನಸ್ಸಿನಲ್ಲಿದ್ದರೆ ಕೈ ಆ ಕಡೆ ಹೋಗುತ್ತಲೇ ಇರಲಿಲ್ಲ.

ಪ್ರಾಬ್ಲಮ್ಮಿನಲ್ಲೂ ಹೀಗೇ. ಯಂಗ್‌ನ ಡಬಲ್ ಸ್ಲಿಟ್ ತಗೋ. ಬೆಳಕಿನ ತರಂಗದೂರ 600 ನ್ಯಾನೋಮೀಟರ್, ಪರದೆ 1 ಮೀಟರ್ ದೂರ, ಸೀಳುಗಳ ನಡುವೆ 1 ಮಿಲಿಮೀಟರ್ ಅಂದರೆ ಪರದೆಯ ಮೇಲೆ ಮೂಡುವ ಬೆಳಕು-ಕತ್ತಲೆಯ ಪಟ್ಟೆಯ ಅಗಲ 0.6 ಮಿಲಿಮೀಟರ್. ಇದನ್ನು ನೀನು ಹತ್ತು ಸಲ ಮಾಡಿರುತ್ತೀ. ಪತ್ರಿಕೆ ತೆಗೆಯುವವರು ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ಇಡೀ ಸಲಕರಣೆಯನ್ನು ನೀರಿನಲ್ಲಿ ಮುಳುಗಿಸಿದರೆ? ನೀರಿನ ವಕ್ರೀಭವನ ಸೂಚ್ಯಂಕ 4/3, ತರಂಗದೂರ ಮುಕ್ಕಾಲಿಗೆ ಕುಗ್ಗುತ್ತೆ, ಪಟ್ಟೆ 0.45 ಮಿಲಿಮೀಟರ್ ಆಗುತ್ತೆ. ಸೂತ್ರ ಮಾತ್ರ ಗೊತ್ತಿದ್ದವಳು ಇಲ್ಲಿ ಪೆನ್ನು ಕಚ್ಚುತ್ತಾ ಕೂರುತ್ತಾಳೆ. ಆದ್ದರಿಂದ ಪ್ರತಿ ಪ್ರಾಬ್ಲಮ್ ಮುಗಿದ ಮೇಲೆ ನೀನೇ ಪತ್ರಿಕೆ ತೆಗೆಯುವವಳಾಗು. ದೂರ ದುಪ್ಪಟ್ಟಾದರೆ? ಬೆಳಕಿನ ಬಣ್ಣ ಬದಲಾದರೆ? ಎಲ್‌ಸಿಆರ್ ಸರ್ಕ್ಯೂಟಿನಲ್ಲಿ ಫ್ರೀಕ್ವೆನ್ಸಿಯನ್ನು ರೆಸೊನೆನ್ಸಿಗೆ ತಂದರೆ ಕರೆಂಟ್ ಎಷ್ಟು? ಶರಾವತಿಯ ಜನರೇಟರಿನಿಂದ ನಮ್ಮ ಮನೆಗೆ ಬರುವುದು 50 ಹರ್ಟ್ಸ್. ಅದನ್ನೇ 2π ಇಂದ ಗುಣಿಸಿದ 314 ಅನ್ನುವ ಸಂಖ್ಯೆ ಎಸಿ ಪ್ರಾಬ್ಲಮ್ಮುಗಳಲ್ಲಿ ಎಷ್ಟು ಸಲ ವೇಷ ಮರೆಸಿಕೊಂಡು ಬರುತ್ತೆ ನೋಡು. ಇಂಥ ಊಹೆ ಫಲಿಸುವಷ್ಟು ಯಾವ ಪಟ್ಟಿಯೂ ಫಲಿಸುವುದಿಲ್ಲ.

ಅಂಕ ಕೊಡುವ ಕ್ರಮವನ್ನೂ ತಿಳಿದಿರು. ಡಿರೈವೇಷನ್‌ಗೆ ಸಾಮಾನ್ಯವಾಗಿ ಚಿತ್ರಕ್ಕೆ ಒಂದು, ನಡುವಿನ ಹಂತಗಳಿಗೆ ಒಂದೊಂದು, ಕೊನೆಯ ಫಲಿತಾಂಶಕ್ಕೆ ಒಂದು ಅಂತ ಬಿಡಿಬಿಡಿಯಾಗಿ ಬೀಳುತ್ತೆ. ಪೂರ್ತಿ ಬಾರದಿದ್ದರೂ ಚಿತ್ರ, ಶುರುವಿನ ಎರಡು ಸಾಲು, ಕೊನೆಯ ಸೂತ್ರ ಗೊತ್ತಿದ್ದರೆ ಐದಕ್ಕೆ ಮೂರು ಕೈಗೆ ಸಿಕ್ಕೀತು. ಚಾಯ್ಸಿಗೆ ಬಿಡುವ ಆ ನಾಲ್ಕನ್ನೂ ಇಷ್ಟರಮಟ್ಟಿಗೆ ನೋಡಿಟ್ಟುಕೋ. ಚಿತ್ರ ಬೇಕಾದಲ್ಲಿ ಚಿತ್ರ ಇಲ್ಲದಿದ್ದರೆ, ಪ್ರಾಬ್ಲಮ್ಮಿಗೆ ಸೂತ್ರ-ಹಂತ ಬರೆಯದೆ ಬರೀ ಉತ್ತರ ಬರೆದರೆ ಅಂಕವಿಲ್ಲ ಅಂತ ಸೂಚನೆಯಲ್ಲೇ ಅಚ್ಚಾಗಿರುತ್ತೆ. ಅದನ್ನು ಓದುವ ಮಕ್ಕಳು ಕಮ್ಮಿ.

ಪಟ್ಟಿ ಬೇಕೇ ಬೇಕು ಅಂತಿದ್ದರೆ ನೀನೇ ಮಾಡು, ಒಂದು ಭಾನುವಾರ ಸಾಕು. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾದರಿ ಪತ್ರಿಕೆಗಳನ್ನು ಬಿಡುತ್ತೆ. ಅವನ್ನೂ, ಹೊಸ ಮಾದರಿ ಬಂದ ಮೇಲಿನ ಪತ್ರಿಕೆಗಳನ್ನೂ ಮಾತ್ರ ತಗೋ. ಉದ್ದ ಹಾಳೆಯಲ್ಲಿ ಎಡಕ್ಕೆ 14 ಪಾಠ, ಮೇಲೆ ಪತ್ರಿಕೆಗಳು. ಪ್ರಶ್ನೆ ಬರೆಯಬೇಡ, ಎಷ್ಟು ಅಂಕದ್ದು, ಡಿರೈವೇಷನ್ನೋ ಪ್ರಾಬ್ಲಮ್ಮೋ ವ್ಯಾಖ್ಯೆಯೋ ಅಂತ ಗುರುತು ಹಾಕು. ನಾಲ್ಕೈದು ಪತ್ರಿಕೆ ಮುಗಿಯುವಷ್ಟರಲ್ಲಿ ಯಾವ ಪಾಠ ಯಾವ ವೇಷದಲ್ಲಿ ಬರುತ್ತೆ ಅಂತ ಕಣ್ಣಿಗೆ ಕಾಣುತ್ತೆ. ಫೋಟೋಎಲೆಕ್ಟ್ರಿಕ್ ಪ್ರಾಬ್ಲಮ್ಮಿಗೆ ಒಗ್ಗುವ ವಿಷಯ, ಸೆಮಿಕಂಡಕ್ಟರಿನ ರೆಕ್ಟಿಫೈಯರ್ ಚಿತ್ರಕ್ಕೆ, ಬೋರ್ ಮಾದರಿ ಎರಡಕ್ಕೂ.

ನೀನು ಸಿಇಟಿ ಬರೆಯುತ್ತೀ ಅಂತ ಹೇಳಿಲ್ಲ, ಬರೆದೇ ಬರೆಯುತ್ತೀ ಅಂದುಕೊಂಡಿದ್ದೇನೆ. ಅಲ್ಲಿ ಫಿಸಿಕ್ಸಿಗೆ 80 ನಿಮಿಷದಲ್ಲಿ 60 ಪ್ರಶ್ನೆ, ಎರಡೂ ವರ್ಷದ ಪಾಠ, ಚಾಯ್ಸ್ ಅನ್ನುವ ಮಾತೇ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇಲ್ಲಿ ಬಿಟ್ಟ ಪಾಠ ಅಲ್ಲೂ ಕಾಡುತ್ತೆ. 2024ರ ಸಿಇಟಿಯಲ್ಲಿ ಪತ್ರಿಕೆ ತೆಗೆದವರೇ ಸಿಲೆಬಸ್ ತಪ್ಪಿ, ಕೈಬಿಟ್ಟ ಪಾಠಗಳಿಂದ ಕೇಳಿ, ಕೊನೆಗೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಪತ್ರಿಕೆ ತೆಗೆಯುವವರಿಗೇ ಗೊತ್ತಿಲ್ಲದ್ದು ನಿಮ್ಮ ವಾಟ್ಸಾಪ್ ಗ್ರೂಪಿಗೆ ಗೊತ್ತಿದೆಯೇ?

ನಿನ್ನ ಪಟ್ಟಿಯ ಉಳಿದ 12 ಕೆಟ್ಟವೇನಲ್ಲ, ಇಟ್ಟುಕೋ. ಅದಕ್ಕೆ ಇನ್ನು ನಾಲ್ಕು ನಾನು ಸೇರಿಸುತ್ತೇನೆ: ಎರಡು ಸಮಾನಾಂತರ ತಂತಿಗಳ ನಡುವಿನ ಬಲ, ಎಸಿ ಜನರೇಟರಿನ ಇಎಂಎಫ್, ಪ್ರಿಸಮ್ಮಿನ ವಕ್ರೀಭವನ ಸೂಚ್ಯಂಕ, ಹೈಡ್ರೋಜನ್ ಪರಮಾಣುವಿನ ಶಕ್ತಿ ಮಟ್ಟ. ಅಲ್ಲಿಗೆ 16. ಮೊದಲು ಪ್ರಿಸಮ್ ಹಿಡಿ, ಚಿತ್ರ ಸರಿಯಾಗಿ ಬಂದರೆ ಅರ್ಧ ಡಿರೈವೇಷನ್ ಅದೇ ಹೇಳಿಕೊಡುತ್ತೆ.